ಕೆಂಪುಕಾಲಿನ ಆಮೆ: ಸೀಮೆವಾರು ಬಗೆಗಳು, ಸಾಕಣೆ, ಮರಿ ಮಾಡಿಸುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಕೆಂಪುಕಾಲಿನ ಆಮೆ ಸಾಕುವವರು ಎರಡು ವಿಷಯ ಜಾಸ್ತಿ ಕೇಳುತ್ತಾರೆ. ಒಂದು, "ಇದಕ್ಕೆ ಏನು ತಿನ್ನಿಸಲಿ?" ಇನ್ನೊಂದು, "ನನ್ನದು ಯಾವ ಸೀಮೆಯದು?" ಮೊದಲನೆಯದಕ್ಕೆ ಉತ್ತರ ಎಲ್ಲ ಕಡೆ ಸಿಗುತ್ತದೆ. ಎರಡನೆಯದನ್ನು ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮರಿ ಮಾಡಿಸುವ ಯೋಚನೆ ಇದ್ದರೆ ಅದೇ ಮುಖ್ಯ. ಹಾಗಾಗಿ ಇಲ್ಲಿ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕೆಂಪುಕಾಲಿನ ಆಮೆ ಅಂದರೆ ಯಾವುದು?

ದಕ್ಷಿಣ ಅಮೆರಿಕದ ನೆಲದ ಆಮೆ. ಕಪ್ಪು ಚಿಪ್ಪು, ಪ್ರತಿ ಬಿಲ್ಲೆಯ ನಡುವೆ ಒಂದು ಹಳದಿ ಮಚ್ಚೆ, ಕಾಲಿನ ಮೇಲೆ ಕೆಂಪು ಅಥವಾ ಕಿತ್ತಳೆ ಹುರುಪೆಗಳು. ಇದಕ್ಕೆ 1824ರಲ್ಲಿ ಹೆಸರಿಟ್ಟವರು ಜರ್ಮನಿಯ ಜೀವವಿಜ್ಞಾನಿ ಯೋಹಾನ್ ಬಾಪ್ಟಿಸ್ಟ್ ಫಾನ್ ಸ್ಪಿಕ್ಸ್. ಈಗಿನ ವೈಜ್ಞಾನಿಕ ಹೆಸರು ಕೆಲೊನಾಯ್ಡಿಸ್ ಕಾರ್ಬೊನೇರಿಯಸ್. ಚಿಪ್ಪು ಇದ್ದಿಲಿನ ಹಾಗೆ ಕಪ್ಪಗಿರುವುದರಿಂದ ಆ ಹೆಸರು. ಹಳೆಯ ಪುಸ್ತಕಗಳಲ್ಲಿ ಜಿಯೋಕೆಲೋನ್ ಕಾರ್ಬೊನೇರಿಯ ಅಂತ ಇರುತ್ತದೆ, ಗಾಬರಿ ಬೇಡ, ಎರಡೂ ಒಂದೇ ಪ್ರಾಣಿ.

ಬ್ರೆಜಿಲ್‌ನಲ್ಲಿ ಇದನ್ನು ಜಬೂಟಿ ಪಿರಂಗ ಅನ್ನುತ್ತಾರೆ. ಪಿರಂಗ ಅಂದರೆ ಟೂಪಿ ಭಾಷೆಯಲ್ಲಿ ಕೆಂಪು. ವೆನೆಜುವೇಲಾ, ಕೊಲಂಬಿಯಾ ಕಡೆ ಇದು ಮೊರೊಕೊಯ್. ಗಲಾಪಗೋಸ್ ದ್ವೀಪಗಳ ದೈತ್ಯ ಆಮೆಗಳೂ ಇದೇ ಕೆಲೊನಾಯ್ಡಿಸ್ ಕುಲದವು. ದೂರದ ನೆಂಟಸ್ತಿಕೆ ಅಷ್ಟೇ.

ಹಳದಿಕಾಲಿನ ಆಮೆಯೂ ಇದೂ ಒಂದೇನಾ?

ಅಲ್ಲ. ಅದು ಬೇರೆ ಜಾತಿ. ಹಳದಿಕಾಲಿನದು ದಟ್ಟ ಮಳೆಕಾಡನ್ನು ಇಷ್ಟಪಡುತ್ತದೆ, ಸಾಮಾನ್ಯವಾಗಿ ದೊಡ್ಡದಾಗಿ ಬೆಳೆಯುತ್ತದೆ, ಚಿಪ್ಪು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕೆಂಪುಕಾಲಿನದಕ್ಕೆ ಹುಲ್ಲುಗಾವಲಿನ ಅಂಚು, ಒಣ ಕಾಡು, ಹೊಳೆಯ ಪಕ್ಕದ ಮರಗಳ ಸಾಲು ಹಿಡಿಸುತ್ತದೆ. ಬರೀ ಕಾಲಿನ ಬಣ್ಣ ನೋಡಿ ತೀರ್ಮಾನಿಸಬೇಡಿ. ಕೆಂಪುಕಾಲಿನ ಆಮೆಗಳಲ್ಲೂ ಕಾಲು ಹಳದಿ ಇರುವ ಬಗೆಗಳಿವೆ, ಹಳದಿಕಾಲಿನವುಗಳಲ್ಲೂ ಕಿತ್ತಳೆ ಇರುವವು ಸಿಗುತ್ತವೆ.

ಎರಡೂ ಒಟ್ಟಿಗೆ ಬದುಕುವ ಕಡೆ ಅವು ಒಂದನ್ನೊಂದು ಗುರುತಿಸುವುದು ತಲೆಯಾಡಿಸುವ ರೀತಿಯಿಂದ. ಅಮೆರಿಕದ ಸರೀಸೃಪ ತಜ್ಞ ವಾಲ್ಟರ್ ಆಫೆನ್‌ಬರ್ಗ್ 1965ರಲ್ಲೇ ಇದನ್ನು ಗಮನಿಸಿ ಬರೆದಿದ್ದರು. ಕೆಂಪುಕಾಲಿನ ಗಂಡು ತಲೆಯನ್ನು ಪಕ್ಕಕ್ಕೆ ಸಣ್ಣ ಸಣ್ಣ ಎಳೆತಗಳಲ್ಲಿ ತಿರುಗಿಸುತ್ತದೆ. ಹಳದಿಕಾಲಿನದು ಒಂದೇ ಬೀಸಿನಲ್ಲಿ.

ಯಾವ ಯಾವ ಸೀಮೆಯ ಬಗೆಗಳಿವೆ?

ಸಾಕುವವರ ಬಾಯಲ್ಲಿ ಓಡಾಡುವುದು ಮುಖ್ಯವಾಗಿ ನಾಲ್ಕು.

ಉತ್ತರದ ಬಗೆ: ಪೂರ್ವ ಕೊಲಂಬಿಯಾ, ವೆನೆಜುವೇಲಾ, ಗಯಾನಾ, ಸುರಿನಾಮ್ ಕಡೆಯದು. ಸಾಕುವವರ ಕೈಯಲ್ಲಿ ಜಾಸ್ತಿ ಕಾಣುವುದು ಇದೇ. ಹೊಟ್ಟೆಚಿಪ್ಪು ತಿಳಿ ಹಳದಿ, ನಡುವೆ ಮಾತ್ರ ಕಪ್ಪು ಪಟ್ಟೆ. ತಲೆ ಹಳದಿಯಿಂದ ಕಿತ್ತಳೆ. ಬಲಿತ ಗಂಡನ್ನು ಮೇಲಿಂದ ನೋಡಿದರೆ ನಡು ಒಳಕ್ಕೆ ಸೊರಗಿರುತ್ತದೆ, ಕಡಲೆಕಾಯಿ ಸಿಪ್ಪೆಯ ಆಕಾರ.

ವಾಯವ್ಯದ ಬಗೆ: ಪನಾಮಾ ಮತ್ತು ಕೊಲಂಬಿಯಾದಲ್ಲಿ ಆಂಡೀಸ್ ಬೆಟ್ಟಸಾಲಿನ ಪಶ್ಚಿಮ ಪಕ್ಕದ್ದು. ಚಿಪ್ಪು ಗಾಢ ಕಪ್ಪಲ್ಲ, ಬೂದು ಅಥವಾ ಕಾಫಿ ಬಣ್ಣ. ತಲೆ, ಕಾಲು ಮಂಕು ಹಳದಿಯಿಂದ ಕಿತ್ತಳೆ. ನೋಡಲು ಅಷ್ಟು ಹೊಳಪಿಲ್ಲ ಅಂತ ಜನ ಬಿಟ್ಟುಬಿಡುತ್ತಾರೆ. ಹೀಗಾಗಿಯೇ ಬೇರೆ ಬಗೆಗಳ ಜೊತೆ ಬೆರೆತು ಕಳೆದುಹೋಗುತ್ತದೆ, ನನಗೆ ಅದೇ ಬೇಜಾರು.

ದಕ್ಷಿಣದ ಬಗೆ: ಬೊಲಿವಿಯಾ, ಪರಾಗ್ವೆ, ಉತ್ತರ ಅರ್ಜೆಂಟೀನಾ. ಚಾಕೊ ಅನ್ನುವ ವಿಶಾಲ ಬಯಲುಸೀಮೆ ಇದರ ಊರು. ದೊಡ್ಡದಾಗಿ ಬೆಳೆಯುತ್ತದೆ. ಹೊಟ್ಟೆಚಿಪ್ಪಿನಲ್ಲಿ ಕಪ್ಪೇ ಜಾಸ್ತಿ. ತಲೆಯ ಬಣ್ಣಕ್ಕೂ ಕಾಲಿನ ಬಣ್ಣಕ್ಕೂ ಎಷ್ಟೋ ಸಲ ಹೊಂದಿಕೆ ಇರುವುದಿಲ್ಲ. ಗಂಡಿನ ನಡು ಉತ್ತರದ್ದರಷ್ಟು ಸೊರಗಿರುವುದಿಲ್ಲ.

ಚೆರ್ರಿ ಹೆಡ್: ಪೂರ್ವ ಬ್ರೆಜಿಲ್‌ನದು. ತಲೆ ಹಣ್ಣು ಚೆರ್ರಿಯ ಕೆಂಪು. ಮೈ ಚಿಕ್ಕದು. ಹೊಟ್ಟೆಚಿಪ್ಪಿನ ಮೇಲೆ ಕಪ್ಪು ಮಸಿ ಚೆಲ್ಲಿದ ಹಾಗೆ ಚದುರಿದ ಗುರುತುಗಳು. ಬೆನ್ನುಚಿಪ್ಪಿನಲ್ಲೂ ಕೆಲವಕ್ಕೆ ಅಮೃತಶಿಲೆಯ ಗೆರೆಗಳಂಥ ಬಣ್ಣ ಬೆರಕೆ ಇರುತ್ತದೆ. ಉತ್ತರದವು 30ರಿಂದ 35 ಸೆಂಟಿಮೀಟರ್ ಮುಟ್ಟಿದರೆ, ಇವು 25ರಿಂದ 28ರ ಸುತ್ತಮುತ್ತ ನಿಂತುಬಿಡುವುದು ಸಾಮಾನ್ಯ.

ಇವು ಬೇರೆ ಬೇರೆ ಉಪಜಾತಿಗಳಾ?

ಇಲ್ಲ. ಕೆಂಪುಕಾಲಿನ ಆಮೆಗೆ ಅಧಿಕೃತ ಉಪಜಾತಿ ಒಂದೂ ಇಲ್ಲ. ಆದರೆ ಇವುಗಳ ವ್ಯತ್ಯಾಸ ಬರೀ ಬಣ್ಣದ್ದೂ ಅಲ್ಲ. 2010ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಈ ಆಮೆಗಳ ಮೈಟೋಕಾಂಡ್ರಿಯಾ ಡಿಎನ್‌ಎ ನೋಡಿ, ಸೀಮೆಗೆ ತಕ್ಕಂತೆ ಐದು ವಂಶಗಳನ್ನು ಗುರುತಿಸಿತು. ಅಂದರೆ ಬೆಟ್ಟ, ಹೊಳೆ, ದಟ್ಟ ಕಾಡು ಅಡ್ಡ ಬಂದು ಈ ಗುಂಪುಗಳು ಬಹಳ ಕಾಲದಿಂದ ಬೇರೆ ಬೇರೆಯಾಗಿಯೇ ಬದುಕಿವೆ.

ಮುಂದೆ ಯಾರಾದರೂ ಇವನ್ನು ಬೇರೆ ಜಾತಿ ಅಂತ ವಿಂಗಡಿಸಬಹುದು, ವಿಂಗಡಿಸದೆಯೂ ಇರಬಹುದು. ನಾವು ಸಾಕುವವರು ಅದಕ್ಕೆ ಕಾಯಬೇಕಾಗಿಲ್ಲ. ಬೇರೆಯಾಗಿ ಬಂದದ್ದನ್ನು ಬೇರೆಯಾಗಿಯೇ ಉಳಿಸಿಕೊಂಡರೆ ಸಾಕು.

ನನ್ನ ಆಮೆ ಯಾವ ಸೀಮೆಯದು ಅಂತ ಹೇಗೆ ತಿಳಿಯಲಿ?

ಗಟ್ಟಿಯಾಗಿ ಹೇಳುವುದು ದಾಖಲೆ ಮಾತ್ರ. ಅದರ ತಂದೆತಾಯಿ ಯಾವುವು, ಅವು ಎಲ್ಲಿಂದ ಬಂದವು ಅಂತ ಕೊಟ್ಟವರು ಬರೆದುಕೊಟ್ಟಿದ್ದರೆ ನೀವು ಅದೃಷ್ಟವಂತರು.

ದಾಖಲೆ ಇಲ್ಲ ಅಂದರೆ ಆಮೆಯನ್ನು ನಿಧಾನವಾಗಿ ಎತ್ತಿ ಹೊಟ್ಟೆಚಿಪ್ಪು ನೋಡಿ. ಬೆನ್ನಿಗಿಂತ ಹೊಟ್ಟೆ ಜಾಸ್ತಿ ಹೇಳುತ್ತದೆ. ತಿಳಿ ಬಣ್ಣದ ನಡುವೆ ಒಂದೇ ಪಟ್ಟೆಯಾ, ಚದುರಿದ ಮಸಿಯಾ, ಬಹುಪಾಲು ಕಪ್ಪಾ? ಆಮೇಲೆ ತಲೆಯ ಬಣ್ಣ, ನಡುವಿನ ಆಕಾರ, ಬಲಿತ ಮೇಲಿನ ಅಳತೆ. ಇಷ್ಟೆಲ್ಲ ನೋಡಿದರೂ ಸಿಗುವುದು ಅಂದಾಜು. ತಲೆ ಕೆಂಪಗಿದ್ದ ಮಾತ್ರಕ್ಕೆ ಚೆರ್ರಿ ಹೆಡ್ ಆಗುವುದಿಲ್ಲ. ಉತ್ತರದ ಬಗೆಯಲ್ಲೂ ಕೆಂಪು ತಲೆಯವು ಹುಟ್ಟುತ್ತವೆ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಆಯ್ತಲ್ಲ ಅಂತ ಕೇಳಬಹುದು. ಒಂದು ವಿಷಯ ನೆನಪಿರಲಿ. ಮೈಟೋಕಾಂಡ್ರಿಯಾ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ತಾಯಿ ಉತ್ತರದ್ದು, ತಂದೆ ಚೆರ್ರಿ ಹೆಡ್ ಆದರೆ ಆ ಪರೀಕ್ಷೆ "ಉತ್ತರದ್ದು" ಅಂತಲೇ ಹೇಳುತ್ತದೆ. ಬೆರಕೆ ಅದರಲ್ಲಿ ಕಾಣುವುದೇ ಇಲ್ಲ.

ಬೇರೆ ಬೇರೆ ಬಗೆಗಳನ್ನು ಕೂಡಿಸಿ ಮರಿ ಮಾಡಿಸಬಹುದಾ?

ಕೂಡಿಸಿದರೆ ಮರಿ ಆಗುತ್ತವೆ, ಆರೋಗ್ಯವಾಗಿಯೂ ಇರುತ್ತವೆ. ಆದರೂ ಬೇಡ ಅಂತ ನಾನು ಕೈಮುಗಿದು ಕೇಳುತ್ತೇನೆ.

ಕಾರಣ ಇಷ್ಟು. ಬೆರಕೆ ಮರಿಗಳಲ್ಲಿ ಅರ್ಧ ತಾಯಿಯ ಹಾಗೇ ಕಾಣಬಹುದು. ಅವನ್ನು ಇನ್ನೊಬ್ಬರಿಗೆ ಕೊಟ್ಟಾಗ ಅವರು "ಶುದ್ಧ ಉತ್ತರದ್ದು" ಅಂದುಕೊಂಡು ಮುಂದಿನ ತಲೆಮಾರು ಮಾಡಿಸುತ್ತಾರೆ. ಎರಡು ಕೈ ದಾಟಿದ ಮೇಲೆ ಯಾರಿಗೂ ಏನೂ ಗೊತ್ತಿರುವುದಿಲ್ಲ. ಈ ಆಮೆ 50 ವರ್ಷ ದಾಟಿ ಬದುಕಬಲ್ಲ ಪ್ರಾಣಿ. ಇವತ್ತು ಮಾಡಿದ ಬೆರಕೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮೊಟ್ಟೆ ಇಡುತ್ತಿರುತ್ತದೆ. ಬೆರೆಸುವುದು ಒಂದು ಸಂಜೆಯ ಕೆಲಸ, ಬೇರ್ಪಡಿಸಲು ದಾರಿಯೇ ಇಲ್ಲ.

ಸೀಮೆ ಗೊತ್ತಿಲ್ಲದ ಆಮೆ ಇದ್ದರೆ ಅದನ್ನು ಪ್ರೀತಿಯಿಂದ ಸಾಕಿ, ಅದರಲ್ಲಿ ಕೊರತೆ ಏನೂ ಇಲ್ಲ. ಮರಿ ಮಾಡಿಸಲೇಬೇಕು ಅಂದರೆ ಮರಿ ಕೊಡುವಾಗ "ಸೀಮೆ ಗೊತ್ತಿಲ್ಲ" ಅಂತ ಬರೆದೇ ಕೊಡಿ. ಆ ಎರಡು ಪದ ಬರೆಯಲು ಜನ ಹಿಂಜರಿಯುತ್ತಾರೆ, ಬೆಲೆ ಕಡಿಮೆಯಾಗುತ್ತದೆ ಅಂತ. ದಯವಿಟ್ಟು ಬರೆಯಿರಿ.

ಹೆಣ್ಣನ್ನು ಬೇರೆ ಬಗೆಯ ಗಂಡಿನಿಂದ ಬೇರ್ಪಡಿಸಿದ್ದೇನೆ. ಇನ್ನು ಚಿಂತೆ ಇಲ್ಲ ಅಲ್ವಾ?

ಇದೆ. ಹೆಣ್ಣು ಆಮೆಗಳು ಗಂಡಿನ ಬೀಜವನ್ನು ಮೈಯೊಳಗೆ ಬಹಳ ಕಾಲ ಇಟ್ಟುಕೊಳ್ಳಬಲ್ಲವು. ಕೆಲವು ಜಾತಿಯ ಆಮೆಗಳು ಗಂಡಿನಿಂದ ದೂರವಾಗಿ 4 ವರ್ಷ ಆದ ಮೇಲೂ ಫಲವತ್ತಾದ ಮೊಟ್ಟೆ ಇಟ್ಟದ್ದು ದಾಖಲಾಗಿದೆ.

ನನಗೇ ಇದರ ಪಾಠ ಆಗಿದೆ. ಉತ್ತರದ ಹೆಣ್ಣೊಂದನ್ನು ಇನ್ನೊಬ್ಬ ಸಾಕಣೆದಾರರಿಂದ ತಂದು, ಒಳ್ಳೆಯ ಉತ್ತರದ ಗಂಡಿನ ಜೊತೆ ಬಿಟ್ಟೆ. ಮುಂದಿನ ವರ್ಷ ಹುಟ್ಟಿದ ನಾಲ್ಕು ಮರಿಗಳಲ್ಲಿ ಎರಡರ ಹೊಟ್ಟೆಚಿಪ್ಪು ಕೈಯಲ್ಲಿ ಹಿಡಿದು ನೋಡಿದಾಗ ಎದೆ ಧಸಕ್ಕೆಂದಿತು. ಮಸಿ ಚೆಲ್ಲಿದ ಹಾಗೆ ಗುರುತುಗಳು. ವಿಚಾರಿಸಿದರೆ, ಮೊದಲಿನ ಮನೆಯಲ್ಲಿ ಅದು ಚೆರ್ರಿ ಹೆಡ್ ಗಂಡಿನ ಜೊತೆ ಒಂದೇ ಆವರಣದಲ್ಲಿತ್ತಂತೆ. ಆ ನಾಲ್ಕನ್ನೂ ನಾನು ಯಾರಿಗೂ ಮರಿ ಮಾಡಿಸಲು ಕೊಡಲಿಲ್ಲ. ಈಗ ಬಲಿತ ಹೆಣ್ಣು ತರುವಾಗ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: "ಇದರ ಜೊತೆ ಯಾವ ಯಾವ ಗಂಡುಗಳಿದ್ದವು, ಯಾವಾಗಿನಿಂದ ಯಾವಾಗಿನವರೆಗೆ?"

ದಾಖಲೆ ಹೇಗೆ ಇಡಲಿ?

ಒಂದು ನೋಟ್‌ಬುಕ್ ಸಾಕು. ಪ್ರತಿ ಆಮೆಗೆ ಒಂದು ಪುಟ. ಎಲ್ಲಿಂದ ಬಂತು, ಯಾವತ್ತು, ತಂದೆತಾಯಿ, ಜೊತೆಗಿದ್ದ ಗಂಡು, ಮೊಟ್ಟೆ ಇಟ್ಟ ದಿನ, ಎಷ್ಟು ಮೊಟ್ಟೆ, ಕಾವಿನ ಉಷ್ಣತೆ, ಮರಿ ಹೊರಬಂದ ದಿನ. ವರ್ಷಕ್ಕೊಮ್ಮೆ ಬೆನ್ನು, ಹೊಟ್ಟೆ, ತಲೆಯ ಪಕ್ಕದ ಫೋಟೋ. ಹೊಟ್ಟೆಚಿಪ್ಪಿನ ವಿನ್ಯಾಸ ಒಂದರಂತೆ ಇನ್ನೊಂದಕ್ಕೆ ಇರುವುದಿಲ್ಲ. ನಮ್ಮ ಹೆಬ್ಬೆರಳಿನ ಗುರುತಿನ ಹಾಗೆ ಅದೇ ಅದರ ಗುರುತು.

ಕಾನೂನು ಏನು ಹೇಳುತ್ತದೆ?

ಈ ಜಾತಿ ಸೈಟಿಸ್ ಅನ್ನುವ, ಕಾಡುಪ್ರಾಣಿ ಮತ್ತು ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ದೇಶದಿಂದ ದೇಶಕ್ಕೆ ಸಾಗಿಸಲು ಪರವಾನಗಿ ಬೇಕೇ ಬೇಕು. ಸಾಕುವುದು, ಮಾರುವುದು, ನೋಂದಣಿ ಮಾಡಿಸುವುದು ಇವುಗಳ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ಆಮೆ ತರುವ ಮುಂಚೆ ನಿಮ್ಮಲ್ಲಿನ ಅರಣ್ಯ ಅಥವಾ ವನ್ಯಜೀವಿ ಇಲಾಖೆಯನ್ನೇ ಕೇಳಿ. ಕಾಗದ ಇಲ್ಲದ ಆಮೆ ಕಾಡಿನಿಂದ ಕದ್ದದ್ದೂ ಆಗಿರಬಹುದು. ಅಂಥದನ್ನು ಕೊಂಡರೆ ಅಲ್ಲಿ ಇನ್ನೊಂದನ್ನು ಹಿಡಿಯಲು ನಾವೇ ದುಡ್ಡು ಕೊಟ್ಟಂತೆ.

ಆವರಣದಲ್ಲಿ ಬಿಸಿ, ತೇವ ಎಷ್ಟಿರಬೇಕು?

ಹಗಲು 26ರಿಂದ 30 ಡಿಗ್ರಿ ಸೆಲ್ಸಿಯಸ್. ಮೈ ಕಾಯಿಸಿಕೊಳ್ಳಲು ಒಂದು ಮೂಲೆಯಲ್ಲಿ 32ರ ತನಕ. ರಾತ್ರಿ 21ಕ್ಕಿಂತ ಕೆಳಗೆ ಇಳಿಯದಿರಲಿ, ಮರಿಗಳಿಗಾದರೆ 25ರ ಸುತ್ತ ಇರಲಿ. ಗಾಳಿಯಲ್ಲಿ ತೇವ ದೊಡ್ಡವಕ್ಕೆ ಶೇಕಡಾ 70, ಮರಿಗಳಿಗೆ 80 ಅಥವಾ ಮೇಲೆ.

ಬಿಸಿಯಾದರೆ ತೇವ ಇರಬಹುದು. ತಂಪು ಮತ್ತು ತೇವ ಎರಡೂ ಒಟ್ಟಿಗೆ ಬಂದರೆ ಆಮೆಗೆ ನೆಗಡಿ, ಅದು ಇಳಿದು ಶ್ವಾಸಕೋಶದ ಸೋಂಕು. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ ಕಂಡರೆ ಅವತ್ತೇ ಡಾಕ್ಟರ ಬಳಿ ಹೋಗಿ.

ಹಾಸಿಗೆ ತೆಂಗಿನ ನಾರಿನ ಪುಡಿ, ಮಣ್ಣು, ಮರದ ತೊಗಟೆಯ ಚೂರು, ಮೇಲೆ ದಪ್ಪನೆ ಒಣ ಎಲೆ. ನೀರನ್ನು ಮೇಲೆ ಚಿಮುಕಿಸುವುದಕ್ಕಿಂತ ಮೂಲೆಯಲ್ಲಿ ಸುರಿದು ಕೆಳಗಿನ ಪದರಕ್ಕೆ ಇಳಿಸಿ. ಅಡಿ ಹಸಿ, ಮೇಲ್ಮೈ ಹೆಚ್ಚುಕಡಿಮೆ ಒಣ, ಹೀಗಿರಬೇಕು. ಹಾಸನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಆದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು. ಸದಾ ಕೆಸರಿನ ಮೇಲೆ ಕೂತರೆ ಹೊಟ್ಟೆಚಿಪ್ಪು ಕೊಳೆಯಲು ಶುರುವಾಗುತ್ತದೆ.

ಅಡಗಲು ಕತ್ತಲೆ ಜಾಗ ಇರಲೇಬೇಕು. ಕಾಡಿನಲ್ಲಿ ಇವು ಬಿದ್ದ ಮರದ ಪೊಟರೆ, ಎಲೆಯ ರಾಶಿಯ ಕೆಳಗೆ ಗಂಟೆಗಟ್ಟಲೆ ಸುಮ್ನೆ ಮಲಗಿರುತ್ತವೆ. ನೀರಿನ ತಟ್ಟೆ ಅಗಲವಾಗಿ, ಆಳ ಕಡಿಮೆ ಇರಲಿ. ಅದರೊಳಗೆ ಹೋಗಿ ಕೂರುತ್ತವೆ, ಕುಡಿಯುತ್ತವೆ, ಅಲ್ಲೇ ಹೇತೂ ಬಿಡುತ್ತವೆ. ದಿನಾ ತೊಳೆಯಿರಿ.

ಬೇರೆ ಬೇರೆ ಸೀಮೆಯ ಬಗೆಗೆ ಬೇರೆ ವ್ಯವಸ್ಥೆ ಬೇಕಾ ಅಂತ ಕೇಳುತ್ತಾರೆ. ಬಹುಮಟ್ಟಿಗೆ ಬೇಡ. ಚಾಕೊ ಕಡೆ ಚಳಿಗಾಲ ಇದೆ, ಹಾಗಾಗಿ ದಕ್ಷಿಣದವು ತಂಪನ್ನು ಸ್ವಲ್ಪ ತಡೆಯುತ್ತವೆ ಅಂತ ಕೆಲವರು ಹೊರಗೇ ಬಿಡುತ್ತಾರೆ. ನಾನು ಆ ಸಾಹಸಕ್ಕೆ ಕೈಹಾಕುವುದಿಲ್ಲ. ಕಾಡಿನ ಆಮೆಗೆ ಆಳವಾದ ಬಿಲ ಇರುತ್ತದೆ, ನಮ್ಮ ಆವರಣದಲ್ಲಿ ಇರುವುದಿಲ್ಲ.

ಚಿಪ್ಪು ಗುಡ್ಡೆಗುಡ್ಡೆಯಾಗಿ ಏಳುತ್ತಿದೆ. ಯಾಕೆ?

ಮರಿಯಾಗಿದ್ದಾಗ ಒಣ ಗಾಳಿಯಲ್ಲಿ ಬೆಳೆದದ್ದೇ ಮುಖ್ಯ ಕಾರಣ. ಇದನ್ನು ಪಿರಮಿಡಿಂಗ್ ಅನ್ನುತ್ತಾರೆ. ಬಿಲ್ಲೆಗಳ ಸಂದಿಯಲ್ಲಿ ಹೊಸದಾಗಿ ಬೆಳೆಯುವ ಪದರ ಬೇಗ ಒಣಗಿ ಗಟ್ಟಿಯಾದರೆ ಬೆಳವಣಿಗೆ ಕೆಳಮುಖವಾಗಿ ತಿರುಗುತ್ತದೆ, ಬಿಲ್ಲೆ ಮೇಲಕ್ಕೆದ್ದು ನಿಲ್ಲುತ್ತದೆ. ಕ್ಯಾಲ್ಸಿಯಂ ಕೊರತೆ, ಬಿಸಿಲ ಕೊರತೆಯೂ ಸೇರಿಕೊಳ್ಳಬಹುದು. ಎದ್ದದ್ದು ಮತ್ತೆ ಇಳಿಯುವುದಿಲ್ಲ. ತೇವ ಸರಿಮಾಡಿದರೆ ಹೊಸ ಬೆಳವಣಿಗೆ ನಯವಾಗಿ ಬರುತ್ತದೆ, ವರ್ಷಗಳು ಕಳೆದಂತೆ ಗುಡ್ಡೆ ಅಷ್ಟಾಗಿ ಎದ್ದು ಕಾಣುವುದಿಲ್ಲ. ಚಿಪ್ಪಿಗೆ ಎಣ್ಣೆ ಸವರುವುದು ಬೇಡ.

ಯುವಿಬಿ ದೀಪ ಬೇಕಾ?

ಯುವಿಬಿ ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ನೇರಳಾತೀತ ಕಿರಣ. ಒಳಗೆ ಸಾಕುವುದಾದರೆ ಬೇಕು. ಆದರೆ ಇದು ನೆರಳಿನ ಪ್ರಾಣಿ, ಮರುಭೂಮಿಯ ಆಮೆಗೆ ಹಾಕುವ ಪ್ರಖರ ದೀಪ ಬೇಡ. ಕಡಿಮೆ ಶಕ್ತಿಯ ಉದ್ದ ಟ್ಯೂಬ್ ಹಾಕಿ, ಕೆಳಗೆ ಗಿಡಗಳ ನೆರಳೂ ಇರಲಿ. ಹೊರಗೆ ಬಿಡುವ ಅನುಕೂಲ ಇದ್ದರೆ ಮರದ ಸಂದಿಯಿಂದ ಇಳಿಯುವ ಬಿಸಿಲಿಗಿಂತ ಒಳ್ಳೆಯದು ಇಲ್ಲ. ಗಾಜು ದಾಟಿ ಬಂದ ಬಿಸಿಲಿನಲ್ಲಿ ಯುವಿಬಿ ಹೆಚ್ಚುಕಡಿಮೆ ಇರುವುದೇ ಇಲ್ಲ.

ಏನು ತಿನ್ನಿಸಬೇಕು?

ಬೇರೆ ಎಷ್ಟೋ ನೆಲದ ಆಮೆಗಳಿಗೆ ಹಣ್ಣು ಕೊಡಬೇಡಿ ಅನ್ನುತ್ತಾರೆ. ಆ ಮಾತು ಇದಕ್ಕೆ ಹೊಂದುವುದಿಲ್ಲ. ಬ್ರೆಜಿಲ್‌ನ ರೊರೈಮಾ ರಾಜ್ಯದ ಮರಾಕಾ ದ್ವೀಪದಲ್ಲಿ ಡೆಬ್ರಾ ಮಾಸ್ಕೊವಿಟ್ಸ್ ಮತ್ತು ಕರೆನ್ ಬ್ಯೋರ್ನ್‌ಡಾಲ್ ಕಾಡಿನ ಆಮೆಗಳು ತಿನ್ನುವುದನ್ನು ಗಮನಿಸಿ 1990ರಲ್ಲಿ ಬರೆದರು. ಮಳೆಗಾಲದಲ್ಲಿ ಜಾಸ್ತಿ ಉದುರಿದ ಹಣ್ಣು, ಒಣಗಾಲದಲ್ಲಿ ಉದುರಿದ ಹೂ. ಜೊತೆಗೆ ಎಲೆ, ಕಾಂಡ, ಅಣಬೆ, ಸತ್ತ ಪ್ರಾಣಿಯ ಚೂರು, ಹುಳ, ಸ್ವಲ್ಪ ಮಣ್ಣು ಕೂಡ. ಹಣ್ಣು ತಿಂದು ಬೀಜವನ್ನು ಬೇರೆಡೆ ಹಾಕುವುದರಿಂದ ಇವು ಕಾಡು ಬೆಳೆಸುವ ಕೆಲಸವನ್ನೂ ಮಾಡುತ್ತವೆ.

ನನ್ನ ತಟ್ಟೆಯಲ್ಲಿ ಅರ್ಧ ಸೊಪ್ಪು, ಎಲೆ, ಹೂ. ದಾಸವಾಳದ ಹೂವೂ ಎಲೆಯೂ ಎರಡೂ ಇಷ್ಟ. ಪಾಪಾಸುಕಳ್ಳಿಯ ಎಳೆ ಹಾಳೆ ಮುಳ್ಳು ತೆಗೆದು ಕೊಡಿ, ಅದರಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಮೂರನೇ ಒಂದು ಪಾಲು ಹಣ್ಣು: ಪಪ್ಪಾಯಿ, ಮಾವು, ಅಂಜೂರ. ಬಾಳೆಹಣ್ಣು ಅಪರೂಪಕ್ಕೆ. ಕಿತ್ತಳೆ, ನಿಂಬೆಯಂಥ ಹುಳಿ ಹಣ್ಣು ನಾನು ಕೊಡುವುದಿಲ್ಲ. ಉಳಿದದ್ದು ಸಿಹಿಗುಂಬಳ, ಅಣಬೆ. ಪಾಲಕ್ ದಿನಾ ಬೇಡ, ಅದರಲ್ಲಿನ ಆಕ್ಸಲೇಟ್ ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುತ್ತದೆ.

ಮಾಂಸಾಹಾರ ವಾರಕ್ಕೊಮ್ಮೆ ಅಥವಾ ಹತ್ತು ದಿನಕ್ಕೊಮ್ಮೆ, ಸ್ವಲ್ಪ. ಎರೆಹುಳ, ಬಸವನಹುಳ, ಬೇಯಿಸಿದ ಮೊಟ್ಟೆಯ ಚೂರು. ಮೊಟ್ಟೆ ಇಡುವ ಹೆಣ್ಣಿಗೆ ಇದು ಬೇಕು. ನಾಯಿಯ ಆಹಾರ, ಬೆಕ್ಕಿನ ಆಹಾರ ಸುರಿಯುವ ಹಳೆಯ ಅಭ್ಯಾಸ ಬಿಡಿ. ಕ್ಯಾಲ್ಸಿಯಂ ಪುಡಿ ವಾರಕ್ಕೆ ಎರಡು ಸಲ ಉದುರಿಸಿ. ಒಂದು ಕಟಲ್‌ಬೋನ್ (ಕಟಲ್‌ಫಿಶ್ ಅನ್ನುವ ಕಡಲಜೀವಿಯ ಒಳಚಿಪ್ಪು) ಆವರಣದಲ್ಲೇ ಬಿದ್ದಿರಲಿ. ಬೇಕಾದಾಗ ಕಡಿಯುತ್ತವೆ, ಅದರಲ್ಲೂ ಹೆಣ್ಣುಗಳು ಮೊಟ್ಟೆಯ ಕಾಲಕ್ಕೆ.

ಚಳಿಗಾಲದಲ್ಲಿ ನಿದ್ದೆಗೆ ಕಳಿಸಬೇಕಾ?

ಬೇಡ. ಉಷ್ಣವಲಯದ ಆಮೆ ಇದು. ತಂಪಿನಲ್ಲಿ ಮಲಗಿಸಿದರೆ ಸಾಯುತ್ತದೆ.

ಗಂಡು ಯಾವುದು, ಹೆಣ್ಣು ಯಾವುದು?

15 ಸೆಂಟಿಮೀಟರ್ ದಾಟುವವರೆಗೆ ಹೇಳುವುದು ಕಷ್ಟ. ಆಮೇಲೆ ನೋಡಿ: ಗಂಡಿನ ಬಾಲ ಉದ್ದ, ದಪ್ಪ, ಪಕ್ಕಕ್ಕೆ ಮಡಚಿಕೊಂಡಿರುತ್ತದೆ. ಹೊಟ್ಟೆಚಿಪ್ಪು ಒಳಕ್ಕೆ ತಗ್ಗಾಗಿರುತ್ತದೆ. ಹೆಣ್ಣಿನ ಬಾಲ ಮೊಂಡು, ಹೊಟ್ಟೆಚಿಪ್ಪು ಚಪ್ಪಟೆ. ಚೆರ್ರಿ ಹೆಡ್ ಬೇಗ, ಚಿಕ್ಕ ಮೈಯಲ್ಲೇ ಬಲಿಯುತ್ತದೆ. ಉತ್ತರದ್ದು, ದಕ್ಷಿಣದ್ದು ಇನ್ನೂ ಬೆಳೆಯಬೇಕು. ವಯಸ್ಸಿಗಿಂತ ಅಳತೆ ಮುಖ್ಯ.

ಎಷ್ಟು ಆಮೆ ಒಟ್ಟಿಗೆ ಇಡಬಹುದು?

ಒಂದು ಗಂಡು, ಎರಡು ಮೂರು ಹೆಣ್ಣು, ಜಾಗ ವಿಶಾಲವಾಗಿದ್ದರೆ. ಒಂದೇ ಹೆಣ್ಣಿದ್ದರೆ ಗಂಡು ಅದರ ಬೆನ್ನು ಬಿಡುವುದಿಲ್ಲ, ಹೆಣ್ಣು ತಿನ್ನುವುದನ್ನೇ ಬಿಟ್ಟು ಮೂಲೆ ಸೇರುತ್ತದೆ. ಎರಡು ಗಂಡುಗಳಿದ್ದರೆ ತಲೆಯಾಡಿಸಿ, ಡಿಕ್ಕಿ ಹೊಡೆದು, ಒಂದನ್ನೊಂದು ಮಗುಚಲು ನೋಡುತ್ತವೆ. ಮಗುಚಿಬಿದ್ದ ಆಮೆ ಬಿಸಿಲಲ್ಲಿ ಉಳಿದರೆ ಬದುಕುವುದಿಲ್ಲ. ಸೀಮೆ ಬೇರೆಯಾದ ಬಗೆಗಳಿಗೆ ಬೇರೆ ಆವರಣ, ನಡುವೆ ಆಚೆಯದು ಕಾಣದಂಥ ಗೋಡೆ.

ಗಂಡು ಕೊಕ್ ಕೊಕ್ ಅಂತ ಸದ್ದು ಮಾಡುತ್ತಿದೆ. ಕಾಯಿಲೆನಾ?

ಕಾಯಿಲೆ ಅಲ್ಲ, ಕೂಡುವಾಗಿನ ಕೂಗು. ಹೇಟೆ ಕೋಳಿ ಮರಿ ಕರೆದ ಹಾಗೆ ಲಯವಾಗಿ ಬರುತ್ತದೆ. ಮಳೆಯ ವಾಸನೆ ಬಂದ ಸಂಜೆ ಜಾಸ್ತಿ ಕೇಳುತ್ತದೆ. ಮೊದಲ ಸಲ ಕೇಳಿದವರು ಆವರಣಕ್ಕೆ ಕೋಳಿ ನುಗ್ಗಿದೆ ಅಂತ ಹುಡುಕುವುದುಂಟು.

ಹೆಣ್ಣು ಮೊಟ್ಟೆ ಇಡುವುದು ಹೇಗೆ ಗೊತ್ತಾಗುತ್ತದೆ?

ಕೆಲವು ದಿನ ಮುಂಚೆ ಓಡಾಟ ಹೆಚ್ಚುತ್ತದೆ. ತಿನ್ನುವುದು ಕಡಿಮೆ. ನೆಲಕ್ಕೆ ಮೂಗು ತಾಗಿಸಿ ಮೂಸುತ್ತಾ ಜಾಗ ಹುಡುಕುತ್ತದೆ, ಎರಡು ಮೂರು ಕಡೆ ಕೆದಕಿ ಬಿಟ್ಟುಬಿಡುತ್ತದೆ.

ಜಾಗ ಒಪ್ಪಿಗೆಯಾದರೆ ಸಾಮಾನ್ಯವಾಗಿ ಸಂಜೆ ಹೊತ್ತಿಗೆ ಕೂರುತ್ತದೆ. ಮೊದಲು ಮೂತ್ರ ಬಿಟ್ಟು ಮಣ್ಣು ಮೆದು ಮಾಡಿಕೊಳ್ಳುತ್ತದೆ. ಆಮೇಲೆ ಹಿಂಗಾಲುಗಳ ಕೆಲಸ. ಎಡಗಾಲು ಒಂದು ಹಿಡಿ ಮಣ್ಣು ಎತ್ತಿ ಪಕ್ಕಕ್ಕಿಡುತ್ತದೆ, ನಂತರ ಬಲಗಾಲು, ಮತ್ತೆ ಎಡಗಾಲು. ಒಂದು ಸಲವೂ ತಿರುಗಿ ನೋಡುವುದಿಲ್ಲ. ಗುಂಡಿ ಅದರ ಹಿಂಗಾಲು ಎಟಕುವಷ್ಟು ಆಳ. ಒಂದೊಂದೇ ಮೊಟ್ಟೆ ಬಿದ್ದಾಗ ಕಾಲಿನಿಂದ ಮೆಲ್ಲಗೆ ಸರಿಸಿ ಮುಂದಿನದಕ್ಕೆ ಜಾಗ ಮಾಡುತ್ತದೆ. ಮುಚ್ಚಿ, ಹೊಟ್ಟೆಚಿಪ್ಪಿನಿಂದ ತಟ್ಟಿ ಸಮ ಮಾಡಿ ಹೋದ ಮೇಲೆ ನೋಡಿದರೆ ಅಲ್ಲಿ ಗುಂಡಿ ಇತ್ತು ಅಂತ ನಂಬುವುದೇ ಕಷ್ಟ. ಎಲ್ಲ ಸೇರಿ ಎರಡು ಮೂರು ಗಂಟೆ. ಆ ಹೊತ್ತು ದೀಪ ಹಾಕಬೇಡಿ, ಎದುರು ಓಡಾಡಬೇಡಿ. ದೂರದಿಂದ ಜಾಗದ ಗುರುತು ಮಾತ್ರ ಇಟ್ಟುಕೊಳ್ಳಿ.

ಒಂದು ಸಲಕ್ಕೆ 2ರಿಂದ 7 ಮೊಟ್ಟೆ ಸಾಮಾನ್ಯ. ಒಂದೇ ಋತುವಿನಲ್ಲಿ ಕೆಲವು ವಾರಗಳ ಅಂತರದಲ್ಲಿ ಮತ್ತೆ ಇಡಬಹುದು.

ದಿನಗಟ್ಟಲೆ ಕೆದಕುತ್ತಲೇ ಇದ್ದು ಮೊಟ್ಟೆ ಇಡದೆ, ತಿನ್ನದೆ, ಹಿಂಗಾಲು ಎಳೆದು ನಡೆದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಎಕ್ಸ್‌ರೇ ತೆಗೆಸಿ. ಕಾಯಬೇಡಿ.

ಮೊಟ್ಟೆಗೆ ಕಾವು ಹೇಗೆ ಕೊಡಲಿ?

ಮಣ್ಣನ್ನು ಕೈಯಿಂದಲೇ ಬಿಡಿಸಿ. ಮೊಟ್ಟೆ ಕಂಡ ಕೂಡಲೇ ಅದರ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಆ ಗುರುತು ಕಾವು ಮುಗಿಯುವ ತನಕ ಮೇಲೆಯೇ ಇರಬೇಕು. ಕೋಳಿಮೊಟ್ಟೆಯ ಹಾಗೆ ತಿರುಗಿಸಬಾರದು, ಒಳಗಿನ ಭ್ರೂಣ ಚಿಪ್ಪಿಗೆ ಅಂಟಿಕೊಂಡ ಮೇಲೆ ಮಗುಚಿದರೆ ಸಾಯಬಹುದು.

ಒಂದು ಡಬ್ಬಿಯಲ್ಲಿ ವರ್ಮಿಕ್ಯುಲೈಟ್ (ತೇವ ಹಿಡಿದಿಡುವ ಹಗುರ ಖನಿಜದ ಹರಳು) ಹಾಕಿ, ಅದರ ತೂಕಕ್ಕಿಂತ ಸ್ವಲ್ಪ ಕಡಿಮೆ ನೀರು ಬೆರೆಸಿ, ಮೊಟ್ಟೆಯನ್ನು ಅರ್ಧ ಹೂತಿಡಿ. ಕಾವು ಪೆಟ್ಟಿಗೆಯಲ್ಲಿ 28ರಿಂದ 30 ಡಿಗ್ರಿ, ಥರ್ಮೋಸ್ಟಾಟ್ ಜೊತೆಗೆ ಬೇರೊಂದು ಥರ್ಮಾಮೀಟರ್ ಕೂಡ ಇರಲಿ. ಒಂದನ್ನೇ ನಂಬಬೇಡಿ. ಮುಚ್ಚಳದಿಂದ ನೀರಹನಿ ಮೊಟ್ಟೆಯ ಮೇಲೆ ಬೀಳದಂತೆ ಡಬ್ಬಿ ಓರೆಯಾಗಿಡಿ.

ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಕಾವಿನ ಉಷ್ಣತೆ ತೀರ್ಮಾನಿಸುತ್ತದೆ. ತಂಪಿನ ಕಡೆಗೆ ಗಂಡು, ಬಿಸಿಯ ಕಡೆಗೆ ಹೆಣ್ಣು. ಎಲ್ಲರೂ ಹೆಣ್ಣೇ ಬೇಕು ಅಂತ ಬಿಸಿ ಏರಿಸುತ್ತಾರೆ. ಮಿತಿ ಮೀರಿದರೆ ಬಿಲ್ಲೆಗಳು ಒಡೆದು ಹೆಚ್ಚುಕಮ್ಮಿಯಾದ ಮರಿಗಳು ಬರುತ್ತವೆ. ಅಪರೂಪದ ಸೀಮೆಯ ಬಗೆ ಉಳಿಸಲು ಗಂಡುಗಳೂ ಬೇಕು, ಅದನ್ನು ಮರೆಯಬೇಡಿ.

ಹೊಸದಾಗಿ ಹುಟ್ಟಿದ ಮರಿಯ ಆರೈಕೆ ಹೇಗೆ?

ಮೂಗಿನ ತುದಿಯ ಚೂಪು ಮೊನೆಯಿಂದ ಮರಿ ಮೊಟ್ಟೆಗೆ ತೂತು ಮಾಡುತ್ತದೆ. ಆಮೇಲೆ ಒಂದೆರಡು ದಿನ ಅಲ್ಲೇ ಕೂತಿರುತ್ತದೆ. ತೂತಿನಿಂದ ಮೂಗು ಮಾತ್ರ ಕಾಣುತ್ತದೆ, ಉಸಿರಿಗೆ ಸಣ್ಣಗೆ ಅಲ್ಲಾಡುತ್ತದೆ. ಹೊಟ್ಟೆಯ ಕೆಳಗಿನ ಹಳದಿ ಚೀಲವನ್ನು ಅದು ಒಳಗೆಳೆದುಕೊಳ್ಳುವ ಸಮಯ ಅದು. ಬಿಡಿಸಲು ಹೋಗಬೇಡಿ, ಚೀಲ ಹರಿದರೆ ಮರಿ ಉಳಿಯುವುದಿಲ್ಲ.

ಹೊರಬಂದ ಮೇಲೆ ಚೀಲ ಪೂರ್ತಿ ಇಂಗುವ ತನಕ ಒದ್ದೆ ಟಿಶ್ಯೂ ಕಾಗದದ ಮೇಲೆ ಇಡಿ. ನಂತರ ಮುಚ್ಚಿದ, ಬೆಚ್ಚಗಿನ, ತೇವದ ಪೆಟ್ಟಿಗೆ, ತುಂಬಾ ಎಲೆ. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಕೂರಿಸಿ, ನೀರು ಗದ್ದ ದಾಟಬಾರದು. ಮೊದಲ ವಾರ ತಿನ್ನದಿದ್ದರೂ ಚಿಂತೆ ಬೇಡ.

ಹೊಸ ಆಮೆ ತಂದಾಗ?

ಮೂರರಿಂದ ಆರು ತಿಂಗಳು ಬೇರೆಯೇ ಇಡಿ. ಬೇರೆ ಕೋಣೆ, ಬೇರೆ ತಟ್ಟೆ. ಹೇಲು ಪರೀಕ್ಷೆ ಮಾಡಿಸಿ. ನೋಡಲು ಗಟ್ಟಿಮುಟ್ಟಾದ ಆಮೆಯೂ ಹರ್ಪಿಸ್ ವೈರಸ್, ಮೈಕೊಪ್ಲಾಸ್ಮಾದಂಥ ರೋಗಾಣು ಹೊತ್ತಿರಬಹುದು.

ಇನ್ನೊಂದು ಬಹಳ ಮುಖ್ಯ: ಆಮೆಗಳಿಗೆ ಐವರ್ಮೆಕ್ಟಿನ್ ಕೊಡಲೇಬಾರದು. ಹಸು, ನಾಯಿಗಳಿಗೆ ಕೊಡುವ ಈ ಜಂತುಹುಳದ ಔಷಧಿ ಆಮೆಗೆ ಪಾರ್ಶ್ವವಾಯು ತಂದು ಕೊಲ್ಲಬಹುದು, ಕೆಂಪುಕಾಲಿನದಕ್ಕಂತೂ ಸ್ವಲ್ಪ ಸಾಕು. ಆಮೆ ನೋಡಿ ಅಭ್ಯಾಸವಿಲ್ಲದ ಡಾಕ್ಟರಾದರೆ ನೀವೇ ಈ ಮಾತು ಎತ್ತಿ.

ಮಕ್ಕಳು ಮುಟ್ಟಬಹುದಾ?

ಮುಟ್ಟಬಹುದು, ಆಮೇಲೆ ಸೋಪು ಹಾಕಿ ಕೈ ತೊಳೆಯಬೇಕು. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅಡುಗೆಮನೆಯ ಸಿಂಕಿನಲ್ಲಿ ಅದರ ತಟ್ಟೆ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳು ದೂರದಿಂದ ನೋಡಲಿ.

ಮರಿಗಳು ಜಾಸ್ತಿಯಾದರೆ ಕಾಡಿಗೆ ಬಿಡಬಹುದಾ?

ಬಿಡಬೇಡಿ. ಅದರ ಊರಲ್ಲದ ಕಾಡಾದರೆ ಅಲ್ಲಿನ ಪ್ರಾಣಿಗಳಿಗೆ ರೋಗ ತಗುಲುತ್ತದೆ. ಅದರದ್ದೇ ಊರಾದರೂ, ಬೇರೆ ಸೀಮೆಯದ್ದಾದರೆ ಅಲ್ಲಿನ ವಂಶ ಬೆರಕೆಯಾಗುತ್ತದೆ. ಸಾಕುವವರು ಸಿಗುವುದಿಲ್ಲ ಅನ್ನಿಸಿದರೆ ಆ ವರ್ಷದ ಮೊಟ್ಟೆಗೆ ಕಾವು ಕೊಡದಿರುವುದೇ ಸರಿ.

150 ದಿನ ಆಯಿತು, ಇನ್ನೂ ಮರಿ ಬಂದಿಲ್ಲ. ಮೊಟ್ಟೆ ಎಸೆಯಲಾ?

ಎಸೆಯಬೇಡಿ. 120ರಿಂದ 150 ದಿನ ಅನ್ನುವುದು ಸಾಮಾನ್ಯ ಲೆಕ್ಕ. ತಂಪಿನ ಕಡೆಗೆ ಕಾವು ಇದ್ದರೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಒಂದೇ ಗುಂಡಿಯ ಮೊಟ್ಟೆಗಳಲ್ಲೂ ಮೊದಲ ಮರಿಗೂ ಕೊನೆಯ ಮರಿಗೂ ವಾರಗಳ ಅಂತರ ಬರುವುದುಂಟು. ಕೆಟ್ಟ ಮೊಟ್ಟೆ ತಾನಾಗಿ ತಿಳಿಸುತ್ತದೆ: ನಾರುತ್ತದೆ, ಜಿನುಗುತ್ತದೆ, ಬೂಸಲು ಹಿಡಿದು ಕುಸಿಯುತ್ತದೆ. ಕತ್ತಲೆಯಲ್ಲಿ ಮೊಟ್ಟೆಯನ್ನು ಕದಲಿಸದೆ ಪಕ್ಕದಿಂದ ಚಿಕ್ಕ ಟಾರ್ಚ್ ಹಿಡಿಯಿರಿ. ಒಳಗೆಲ್ಲ ತಿಳಿ ಹಳದಿಯಾಗಿ ಬೆಳಕು ಹಾಯ್ದರೆ ಅದರಲ್ಲಿ ಮರಿ ಇಲ್ಲ. ಗಟ್ಟಿ ಕಪ್ಪು ಕಂಡು, ಒಂದು ತುದಿಯಲ್ಲಿ ಗಾಳಿಯ ಜಾಗ ಇದ್ದರೆ ಮುಚ್ಚಳ ಹಾಕಿ ಬನ್ನಿ. ನನ್ನ ವಾಯವ್ಯದ ಹೆಣ್ಣಿನ ಮೊಟ್ಟೆಯೊಂದನ್ನು 163ನೇ ದಿನ ಎಸೆಯಲೆಂದೇ ಡಬ್ಬಿ ತೆರೆದಿದ್ದೆ. ಪೆನ್ಸಿಲ್ ಗುರುತಿನ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ತೂತಿತ್ತು, ಅದರೊಳಗೆ ಏನೋ ಅಲ್ಲಾಡುತ್ತಿತ್ತು.